ದಾರದಷ್ಟು ನೀರು

ಬೆಟ್ಟದ ಕಾಲೋನಿ, ಕುಲ್ಲು ಜಿಲ್ಲೆ
೧೮ ನವೆಂಬರ್ ೨೦೨೪

ಮಸ್ಕಿಯ ಅತ್ತೆಯವರಿಗೆ ರಾಜಶ್ರೀಯ ಶರಣಾರ್ಥಿ.

ದಿನಾ ಸಂಜೆ ಫೋನ್ ಮಾಡುವವಳು ಕಾಗದ ಯಾಕೆ ಬರೆದಳು ಎಂದು ನೀವು ಹುಬ್ಬು ಏರಿಸಿರಬೇಕು. ಫೋನಿನಲ್ಲಿ ನೀವು "ಊಟ ಆತೇನು" ಅನ್ನುತ್ತೀರಿ, ನಾನು "ಆತ್ರಿ" ಅನ್ನುತ್ತೇನೆ, ಅಷ್ಟರಲ್ಲಿ ಫೋನು ರಂಜನಿಯ ಕೈಗೆ ಹೋಗಿರುತ್ತದೆ. ಇವರು ತೀರಿಕೊಂಡ ಮೇಲೆ ನಾವಿಬ್ಬರೂ ಕೂತು ಒಂದು ಪೂರ್ತಿ ಮಾತು ಆಡಿಲ್ಲ. ನೀವು ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದವರು, ಕಾಗದವನ್ನಾದರೂ ಕೊನೆಯವರೆಗೆ ಓದುತ್ತೀರಿ ಅಂದುಕೊಂಡಿದ್ದೇನೆ.

ಇವರ ಬದಲಿಗೆ ಕಾಲೋನಿಯ ನೀರಿನ ವಿಭಾಗದಲ್ಲಿ ಕೊಟ್ಟ ಅನುಕಂಪದ ನೌಕರಿಗೆ ಸೇರಿ ನಾಲ್ಕು ತಿಂಗಳಾಯಿತು. ಇವರಿದ್ದ ಕ್ವಾರ್ಟರ್ಸನ್ನೇ ನನಗೂ ಕೊಟ್ಟಿದ್ದಾರೆ. ಅಡುಗೆಮನೆಯ ಗೋಡೆಯೊಳಗೆ ಪೈಪು ಎಲ್ಲಿ ಹೋಗಿದೆ ಎಂದು ಗೊತ್ತಾಗಲು ಇವರು ಪೆನ್ಸಿಲಿನಿಂದ ಗೆರೆ ಎಳೆದಿದ್ದಾರೆ. ಗೆರೆಯ ಕೊನೆಗೆ ಒಂದು ಬಾಣ, ಪಕ್ಕದಲ್ಲಿ ಕನ್ನಡದಲ್ಲಿ "ಇಲ್ಲಿ ಹುಷಾರು" ಎಂದು ಬರೆದಿದೆ. ಸುಣ್ಣ ಬಳಿಯಲು ಬಂದವರಿಗೆ ಆ ಗೋಡೆ ಮಾತ್ರ ಬಿಡಿ ಅಂದೆ.

ಇಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಅದು ಬಿಟ್ಟಿತು ಅನ್ನುವಷ್ಟರಲ್ಲಿ ಹಿಮ. ದೀಪಾವಳಿ ಮುಗಿದದ್ದೇ ತಡ ಕಾಲೋನಿಯ ಮನೆಮನೆಗೂ ಹೋಗಿ ಹೊರಗಿನ ಪೈಪುಗಳ ನೀರನ್ನೆಲ್ಲ ಬಸಿದು ಬಿಡುವುದು, ಸೂರಿನ ಮಳೆನೀರು ಹರಿಯುವ ತಗಡಿನ ದೋಣಿಯಲ್ಲಿ ಕೊಳೆತ ಎಲೆ ಎತ್ತುವುದು, ಪೈಪಿಗೆ ಬಟ್ಟೆ ಸುತ್ತಿ ಮೇಲೆ ಪ್ಲಾಸ್ಟಿಕ್ ಬಿಗಿಯುವುದು ನಮ್ಮ ಕೆಲಸ. ಬಟ್ಟೆ ನೆನೆದರೆ ಸುತ್ತಿದ್ದೂ ವ್ಯರ್ಥ. ಮನೆಯೊಳಗಿನ ನಳವನ್ನಂತೂ ಮಲಗುವಾಗ ಪೂರ್ತಿ ಮುಚ್ಚುವ ಹಾಗೇ ಇಲ್ಲ. ದಾರದಷ್ಟು ನೀರು ಬಿಟ್ಟಿರಬೇಕು. ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ನಿಂತ ನೀರು ಹೆಪ್ಪುಗಟ್ಟಿ, ಉಬ್ಬಿ, ಪೈಪನ್ನು ಸೀಳುತ್ತದೆ. ಇವರ ಜೊತೆಗಿದ್ದ ಮೇಸ್ತ್ರಿ ಹೀರಾಸಿಂಗ್ ನಗುತ್ತಾ ಹೇಳಿದರು, ಮೊದಲ ಚಳಿಗಾಲದಲ್ಲಿ ಇವರು ಎದ್ದೆದ್ದು ಹೋಗಿ ನಳ ಮುಚ್ಚುತ್ತಿದ್ದರಂತೆ. ನನಗೂ ಆ ಸದ್ದು ಕೇಳಿದರೆ ಕಾಲು ತಾನಾಗಿ ಹಾಸಿಗೆಯಿಂದ ಇಳಿಯುತ್ತದೆ.

ಈಗ ಕೇಳಬೇಕಾದದ್ದನ್ನು ಕೇಳಿಬಿಡುತ್ತೇನೆ. ಬೇಸಿಗೆ ರಜೆ ಮುಗಿದ ಮೇಲೆ ರಂಜನಿಯನ್ನು ನನ್ನ ಹತ್ತಿರ ಕರೆದುಕೊಳ್ಳಬೇಕೆಂದಿದ್ದೇನೆ. ಶಾಲೆ ಕಾಲೋನಿಯೊಳಗೇ ಇದೆ. ನನಗೆ ಮಗಳು ಬೇಕು ಅತ್ತೆಯವರೇ. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಮಾವನವರಿಗೂ ಶರಣು ಹೇಳಿ.

ನಿಮ್ಮ ಸೊಸೆ
ರಾಜಶ್ರೀ


ಮಸ್ಕಿ
೧೦ ಡಿಸೆಂಬರ್ ೨೦೨೪

ರಾಜಶ್ರೀಗೆ ಜಂಬಮ್ಮ ಮಾಡುವ ಆಶೀರ್ವಾದ.

ಮೊದಲ ಹಾಳೆಯಲ್ಲಿ ನಿನ್ನ ಹೆಸರಿನ ಹಿಂದೆ ಚಿ. ಸೌ. ಎಂದು ಬರೆದುಬಿಟ್ಟೆ. ಕೈಗೆ ರೂಢಿ. ಹೊಡೆದು ಹಾಕಿದ್ದು ನಿನ್ನ ಕಣ್ಣಿಗೆ ಬೀಳುವುದು ಬೇಡವೆಂದು ಬೇರೆ ಹಾಳೆ ತೆಗೆದುಕೊಂಡೆ.

ನೀನು ಬರೆದ ನಳದ ಸಮಾಚಾರವನ್ನು ಪಕ್ಕದ ಮನೆಯ ಸಕೀನಾಬೀಗೆ ಓದಿ ಹೇಳಿದೆ. ಕೊಡ ಸೊಂಟದಲ್ಲಿಟ್ಟುಕೊಂಡೇ ನಕ್ಕಳು. "ಜಂಬಕ್ಕಾ, ನಿನ್ನ ಸೊಸಿ ನಳ ಬಿಟ್ಟು ಮಕ್ಕೊಂತಾಳಂತಲ್ಲ, ಆ ನಳದ ಬಾಯಿ ಒಂದೀಟು ನಮ್ಮ ಓಣಿ ಕಡಿ ತಿರುವಾಕ ಹೇಳಬೇ" ಅಂದಳು. ಅವಳ ನಗುವಿನಲ್ಲಿ ತಪ್ಪೇನಿದೆ? ನಮ್ಮ ಓಣಿಗೆ ನಳ ಬಂದು ಐದು ದಿನವಾಯಿತು. ಕಾಲುವೆಗೆ ಬಿಟ್ಟರೆ ಕೆರೆ, ಕೆರೆ ತುಂಬಿದರೆ ನಳ. ಸಿಂಧನೂರಿನ ಕಡೆ ಗದ್ದೆಗಳು ಮೊಣಕಾಲುದ್ದ ನೀರಿನಲ್ಲಿ ನಿಂತಿರುತ್ತವೆ, ನಾವು ಇಲ್ಲಿ ಕೊಡ ಹಿಡಿದು ನಿಂತಿರುತ್ತೇವೆ. ಸಂಗನಬಸವನಿಗೆ ನಾನು ಅಕ್ಷರಕ್ಕಿಂತ ಮೊದಲು ಕಲಿಸಿದ್ದು ನಳ ಮುಚ್ಚುವುದನ್ನು. ಶಾಲೆಗೆ ಹೋಗುವಾಗ ದಾರಿಯಲ್ಲಿ ಸೋರುವ ನಳ ಕಂಡರೆ ವಾಷರ್ ಹಾಕಿ, ಇಲ್ಲವೆ ಚಿಂದಿ ಸುತ್ತಿ ಕಟ್ಟಿ ಮುಂದೆ ಹೋಗುತ್ತಿದ್ದ. ನಮ್ಮ ನಳದ ಅಂಗಡಿಯಲ್ಲಿ ವಾಷರ್ ಉಳಿಯುವುದಿಲ್ಲವೆಂದು ನಿನ್ನ ಮಾವ ಕೂಗಾಡುತ್ತಿದ್ದರು. ಅಂಥವನು ನಳ ಬಿಟ್ಟು ಮಲಗುವ ಊರಿಗೆ ಹೋಗಿ ಸೇರಿದ.

ರಂಜನಿಯನ್ನು ಕಳಿಸುವುದಿಲ್ಲ. ಮೇಲಿನ ಒರತೆಯ ಪೈಪು ನೋಡಿ ಬರುತ್ತೇನೆಂದು ಹೋದವನನ್ನು ಆ ಬೆಟ್ಟ ಜಾರಿಸಿ ಕೆಡವಿತು. ಮಂಜುಗಡ್ಡೆಯ ಮೇಲೆ ಒಂದು ಕಾಲು ತಪ್ಪಿದ್ದಕ್ಕೆ ನನ್ನ ಮಗನನ್ನು ಪೆಟ್ಟಿಗೆಯಲ್ಲಿ ನೋಡಬೇಕಾಯಿತು. ನೀನು ಅಲ್ಲಿಗೇ ಹೊರಟಾಗ ನಾನು ತಡೆಯಲಿಲ್ಲ. ನೌಕರಿ ನಿನ್ನದು, ಹೊಟ್ಟೆ ನಿನ್ನದು. ಮಗು ಈ ಮನೆಯದು.

ಆದರೆ ಮೂರು ದಿನದಿಂದ ಅವಳು "ಮಮ್ಮಿ ಮನೀಗೆ" ಎಂದು ಒಂದೇ ರಾಗ ಹಿಡಿದಿದ್ದಾಳೆ. ಕ್ರಿಸ್‌ಮಸ್ ರಜೆಗೆ ಅವಳನ್ನು ಕರೆದುಕೊಂಡು ನಾನೇ ಬಂದು ನೋಡುತ್ತೇನೆ. ಆ ಮನೆ ಮಗುವಿಗೆ ತಕ್ಕದ್ದಲ್ಲ ಎಂದು ನನಗೆ ಕಂಡರೆ ನೀನು ಮತ್ತೆ ಈ ಮಾತು ಎತ್ತಬಾರದು. ಈ ಶರತ್ತು ಒಪ್ಪಿಗೆಯಾದರೆ ಫೋನಿನಲ್ಲಿ "ಹೂಂ" ಅನ್ನು, ಸಾಕು. ರಾಯಚೂರಿನಿಂದ ರೈಲಿಗೆ ಟಿಕೆಟ್ ತೆಗೆಸುತ್ತೇನೆ.

ಜಂಬಮ್ಮ


ಬೆಟ್ಟದ ಕಾಲೋನಿ
೬ ಜನವರಿ ೨೦೨೫

ಅತ್ತೆಯವರಿಗೆ ಶರಣು.

ನೀವು ಸುಖವಾಗಿ ಮುಟ್ಟಿದಿರೆಂದು ಮಾವನವರ ಮೆಸೇಜು ಬಂತು. ನಿಮ್ಮಿಂದ ಒಂದು ಮಾತೂ ಬರಲಿಲ್ಲ. ಬರುತ್ತದೆಂದು ನಾನೂ ಕಾದಿರಲಿಲ್ಲ.

ನಡೆದದ್ದನ್ನು ನಾನು ಒಂದು ಸಲ ನೆಟ್ಟಗೆ ಬರೆಯುತ್ತೇನೆ. ನೀವು ಇಲ್ಲಿದ್ದಷ್ಟು ದಿನವೂ ನಾನು ನಿಮ್ಮ ಕೈಯನ್ನೇ ನೋಡುತ್ತಿದ್ದೆ. ಕಿಟಕಿಯ ಸಂದಿಗೆ ಬೆರಳಿಟ್ಟು ಗಾಳಿ ನೋಡಿದಿರಿ, ಶಾಲೆಯ ಬಾಗಿಲವರೆಗೆ ಹೆಜ್ಜೆ ಹಾಕಿ ನೋಡಿದಿರಿ, ಹೀರಾಸಿಂಗರ ಹೆಂಡತಿ ಕೊಟ್ಟ ರೊಟ್ಟಿಯನ್ನು ಹಿಸುಕಿ ನೋಡಿದಿರಿ. ಹೊರಡುವ ಹಿಂದಿನ ಸಂಜೆ ಒಲೆಯ ಮುಂದೆ ಕೂತು, ನನ್ನ ಕಡೆ ನೋಡದೆ, "ಮನಿ ಬೆಚ್ಚಗೈತಿ" ಅಂದಿರಿ. ಅಷ್ಟು ಕೇಳಿ ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಅದು ನಿಮಗೆ ಗೊತ್ತಿಲ್ಲ.

ಬೆಳಿಗ್ಗೆ ಎದ್ದರೆ ಅಡುಗೆಮನೆಯ ನಳ ಬಿಗಿಯಾಗಿ ಮುಚ್ಚಿತ್ತು. ತಿರುವಿದರೆ ಹನಿ ಇಲ್ಲ. ನಾನು ಬಿಸಿನೀರಿನ ಬಟ್ಟೆ ಸುತ್ತುವಷ್ಟರಲ್ಲಿ ಹೊರಗಿನ ಗೋಡೆಗೆ ಬಿಸಿಲು ಬಿತ್ತು, ಒಳಗೆ ಸೀಳಿದ್ದ ಪೈಪು ಬಾಯಿಬಿಟ್ಟಿತು. ಹಾಸಿಗೆ, ಹಿಟ್ಟಿನ ಡಬ್ಬಿ, ರಂಜನಿಯ ಬೂಟು ಎಲ್ಲ ತೇಲಿದವು. ಹೀರಾಸಿಂಗ್ ಬಂದು ಗೋಡೆ ಒಡೆದರು. ಒಡೆಯದೆ ದಾರಿ ಇರಲಿಲ್ಲ. ಇವರ ಗೆರೆ, ಬಾಣ, "ಇಲ್ಲಿ ಹುಷಾರು" ಎಲ್ಲವೂ ಗಾರೆಯ ಹೆಂಟೆಯಾಗಿ ಕೆಳಗೆ ಬಿತ್ತು. ಆಯ್ದು ಜೋಡಿಸಲು ನೋಡಿದೆ. ನೀರಿನಲ್ಲಿ ಕೈಗೆ ಬರೀ ಕೆಸರು ಬಂತು.

ಆಗ ನಾನು ಆಡಿದ ಮಾತು ನಿಮಗೂ ನೆನಪಿದೆ, ನನಗೂ ಇದೆ. "ನಿಮಗ ಮುಚ್ಚೂದೊಂದ ಗೊತ್ತೈತ್ರಿ. ಅವರು ಹೋದಾಗಿಂದ ಬಾಯಿ ಮುಚ್ಚೀರಿ, ನನಗ ಬಾಗಿಲಾ ಮುಚ್ಚೀರಿ, ಈಗ ನಳಾ ಮುಚ್ಚಿ ಅವರ ಕೈಗುರುತೂ ತೊಳದ್ರಿ." ಮಗುವಿನ ಮುಂದೆ ಅಂದೆ. ನೀವು ಬ್ಯಾಗು ಎತ್ತಿಕೊಂಡು ರಂಜನಿಯ ಕೈ ಹಿಡಿದು ಬಸ್ಸಿಗೆ ನಡೆದಿರಿ.

ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಗೋಡೆಯ ವಿಷಯ ನಾನು ನುಂಗಿಕೊಳ್ಳುತ್ತೇನೆ. ಹೀರಾಸಿಂಗ್ ಹೊಸ ಪೈಪನ್ನು ಗೋಡೆಯೊಳಗೆ ಹೂಳದೆ, ಹಳೆಯ ಗೆರೆಯ ದಾರಿಯಲ್ಲೇ ಗೋಡೆಯ ಮೇಲೆ ಕೂಡಿಸಿದ್ದಾರೆ. ಇನ್ನೊಮ್ಮೆ ಒಡೆಯುವ ಕೆಲಸ ಬೇಡ ಅಂದರು.

ರಾಜಶ್ರೀ


ಬೆಟ್ಟದ ಕಾಲೋನಿ
೨೦ ಫೆಬ್ರವರಿ ೨೦೨೫

ಅತ್ತೆಯವರಿಗೆ ಶರಣು.

ಉತ್ತರ ಬರಲಿಲ್ಲ. ಈಗೀಗ ಫೋನಿನಲ್ಲಿ "ಊಟ ಆತೇನು" ಕೂಡ ಇಲ್ಲ, ರಂಜನಿಯೇ ಎತ್ತುತ್ತಾಳೆ.

ಮೊನ್ನೆ ಇವರು ಹೋದ ದಿನ. ಎರಡು ವರ್ಷ ತುಂಬಿತು. ಹೀರಾಸಿಂಗ್ ಜೊತೆ ಒರತೆಯ ತನಕ ಹೋಗಿ ಒಂದು ವಿಭೂತಿ ಗಟ್ಟಿ ಇಟ್ಟು ಬಂದೆ. ಅಲ್ಲಿಯ ಪೈಪು ಈ ವರ್ಷ ಹೆಪ್ಪುಗಟ್ಟಿಲ್ಲ. ಇವರು ಸುತ್ತಿದ ಕಟ್ಟು ಇನ್ನೂ ಬಿಗಿಯಾಗಿದೆ.

ನಿಮ್ಮ ಶರತ್ತಿಗೆ ನಾನು "ಹೂಂ" ಅಂದಿದ್ದೆ. ಮನೆ ತಕ್ಕದ್ದಲ್ಲ ಎಂದು ನೀವು ಬಾಯಿಬಿಟ್ಟು ಹೇಳಬೇಕಾಗಿಲ್ಲ, ನನಗೆ ತಿಳಿಯಿತು. ಇನ್ನು ಕೇಳುವುದಿಲ್ಲ. ಮೇ ತಿಂಗಳಲ್ಲಿ ರಜೆ ಹಾಕಿ ನಾನೇ ಮಸ್ಕಿಗೆ ಬಂದು ಮಗಳನ್ನು ನೋಡಿಕೊಂಡು ಹೋಗುತ್ತೇನೆ. ಅಷ್ಟಕ್ಕೆ ಮಾತ್ರ ಬೇಡ ಅನ್ನಬೇಡಿ.

ರಾಜಶ್ರೀ


ಮಸ್ಕಿ
೧೬ ಮಾರ್ಚ್ ೨೦೨೫

ಮಗಳೇ ರಾಜಶ್ರೀ,

ಅಮರಗುಂಡಪ್ಪ ಬರೆಯುವುದು. ಕಾಗದ ಬರೆದು ಯಾವ ಕಾಲವಾಯಿತೋ, ತಪ್ಪಿದ್ದರೆ ನಿನ್ನ ಅತ್ತೆಗೆ ತೋರಿಸಬೇಡ, ಕೆಂಪು ಶಾಯಿ ಹಿಡಿಯುತ್ತಾಳೆ.

ಅವಳು ನಿನಗೆ ಬರೆಯುತ್ತಿಲ್ಲ ಅಂದುಕೊಳ್ಳಬೇಡ. ಬರೆಯುತ್ತಾಳೆ, ಹರಿಯುತ್ತಾಳೆ. ಒಲೆ ಹಚ್ಚಲು ನಮಗೆ ಬೇರೆ ಕಾಗದ ಬೇಕಾಗಿಲ್ಲ. ನನಗೆ ಕಿವಿ ಮಂದ, ಕಣ್ಣು ಚೆನ್ನಾಗಿವೆ. ಟ್ರಂಕಿನಿಂದ ಸಂಗನಬಸವನ ಹಳೆಯ ಅಂಗಿಗಳನ್ನು ತೆಗೆದು ಹೊಲಿಯುತ್ತಾ ಕೂತಿರುತ್ತಾಳೆ. ಏನದು ಎಂದರೆ "ಕೌದಿ" ಅಂದಳು. ಅಗಲ ಒಂದು ಗೇಣೂ ಇಲ್ಲ, ಉದ್ದ ನೋಡಿದರೆ ಪಡಸಾಲೆ ದಾಟಿ ಹೋಗಿದೆ. ಇಂಥ ಕೌದಿಯನ್ನು ಯಾರು ಹೊದೆಯುತ್ತಾರೋ ನನಗೆ ತಿಳಿಯದು.

ಇನ್ನೊಂದು ವಿಷಯ. ನಮ್ಮ ಬಚ್ಚಲಿನ ನಳ ಸೋರುತ್ತಿದೆ. ಎರಡು ಸಲ ವಾಷರ್ ಬದಲಿಸಿದೆ. ಊರಿಗೆಲ್ಲ ನಳ ಮಾರುವವನ ಮನೆಯ ನಳವೇ ನಿಲ್ಲುವುದಿಲ್ಲ. ನಿನ್ನ ಅತ್ತೆಗೆ ಹೇಳಿದರೆ "ಇರಲಿ ಬಿಡ್ರಿ" ಅನ್ನುತ್ತಾಳೆ. ಜಂಬಮ್ಮನ ಬಾಯಲ್ಲಿ ಸೋರುವ ನಳಕ್ಕೆ "ಇರಲಿ ಬಿಡ್ರಿ"! ಅದಕ್ಕೇ ಹೆದರಿ ನಿನಗೆ ಬರೆದೆ.

ನಿನ್ನ ಮಾವ
ಅಮರಗುಂಡಪ್ಪ


ಮಸ್ಕಿ
೧೧ ಏಪ್ರಿಲ್ ೨೦೨೫

ರಾಜಶ್ರೀಗೆ ಆಶೀರ್ವಾದ.

ನಿನ್ನ ಮಾವ ಚಾಡಿ ಬರೆದದ್ದು ಗೊತ್ತಾಯಿತು. ಈ ಕಾಗದವನ್ನು ಹರಿಯದೆ ಅಂಚೆಗೆ ಹಾಕುತ್ತೇನೆಂದು ಸಕೀನಾಬೀಯ ಮುಂದೆ ಮಾತು ಕೊಟ್ಟಿದ್ದೇನೆ. ಅವಳು ಪೋಸ್ಟಿನ ಡಬ್ಬಿಯ ತನಕ ನನ್ನ ಜೊತೆ ಬರುವವಳಿದ್ದಾಳೆ.

ಮೊದಲು ಆ ದಿನದ ಮಾತು. ನಾನು ಬೇಕೆಂದು ಮುಚ್ಚಲಿಲ್ಲ. ನೀನು ಹೇಳಿದ್ದೆ, ತಿಳಿದಿದ್ದೆ. ನಿದ್ದೆಗಣ್ಣಿನಲ್ಲಿ ನೀರಿನ ಸದ್ದು ಬಂತು. ಎದ್ದೆ, ಮುಚ್ಚಿದೆ, ಬಂದು ಮಲಗಿದೆ. ಮಸ್ಕಿಗೆ ಮದುವೆಯಾಗಿ ಬಂದ ದಿನದಿಂದ ಈ ಕೈ ಮಾಡಿಕೊಂಡು ಬಂದ ಕೆಲಸ ಅದು. ಬೆಳಿಗ್ಗೆ ನೀನು ಕೂಗಿದಾಗಲೇ ನನಗೂ ಗೊತ್ತಾದದ್ದು. ಗೋಡೆಯ ಮೇಲೆ ಅವನ ಅಕ್ಷರವಿತ್ತು. ನಾನು ತಿದ್ದಿಸಿದ ಅಕ್ಷರ. ನೀನು ಇಲ್ಲದಾಗ ದಿನಾ ಅದರ ಮುಂದೆ ನಿಂತು ಬೆರಳು ಆಡಿಸುತ್ತಿದ್ದೆ. ಅದು ನಿನಗೆ ಗೊತ್ತಿಲ್ಲ.

ನೀನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಡ. ನನಗೆ ಯಾರಾದರೂ ಅದನ್ನು ಹೇಳಬೇಕಿತ್ತು.

ಈಗ ಬಚ್ಚಲಿನ ನಳದ ಮಾತು. ನಿನ್ನ ಊರಿಂದ ಬಂದ ಮೇಲೆ ನಮ್ಮ ಮನೆಯ ನೀರಿನ ಟಾಕಿ, ನಳ ಬರುವ ದಿನಕ್ಕಿಂತ ಮೊದಲೇ ಬರಿದಾಗತೊಡಗಿತು. ಒಂದು ದಿನ ಮಲಗುವ ಮುಂಚೆ ರಂಜನಿ ಬಚ್ಚಲಿಗೆ ಹೋಗಿ ನಳವನ್ನು ತುಸುವೇ ತಿರುವಿ, ಕೆಳಗೆ ಬೆರಳಿಟ್ಟು ನೋಡಿ, ಇನ್ನಷ್ಟು ತಿರುವಿ ಬಂದಳು. ನಾನು ಬಾಗಿಲಲ್ಲೇ ಹಿಡಿದೆ.

"ಯಾಕವ್ವಾ, ನಳಾ ಯಾಕ ಬಿಟ್ಟಿ?"

"ಬ್ಯಾರೇ ಏನಿಲ್ಲಜ್ಜಿ. ಮಮ್ಮಿ ಮನೀ ನಳಾ ಒಡೀಬಾರದಂತ."

"ಅದು ಅಲ್ಲೈತಿ, ಇದು ಇಲ್ಲೈತಿ."

"ನೀ ಅಲ್ಲಿ ಮುಚ್ಚಿದ್ದಿ. ಅದಕ್ಕ ನಾ ಇಲ್ಲಿ ಬಿಡಾಕತ್ತೀನಿ."

ಎಂಟು ವರ್ಷದ ಮಗುವಿಗೆ ಅದು ಹಾಗಲ್ಲ ಎಂದು ತಿಳಿಸಿ ಹೇಳಬೇಕಿತ್ತು. ಎಷ್ಟೋ ಮಕ್ಕಳಿಗೆ ವಿಜ್ಞಾನ ಹೇಳಿದ ಬಾಯಿ ನನ್ನದು. ಹೋಗಿ ಮಲಗು ಅಂದೆ. ಅವಳು ಮಲಗಿದ ಮೇಲೆ ಮುಚ್ಚೋಣವೆಂದು ಹೋದೆ. ಹೋಗಿ ನಳದ ಮೇಲೆ ಕೈಯಿಟ್ಟೆ. ಇಷ್ಟು ದಿನ ತಾನಾಗಿ ಮುಚ್ಚುತ್ತಿದ್ದ ಕೈ ರಾಜಶ್ರೀ, ಅವತ್ತು ತಿರುವಲಿಲ್ಲ. ಒಂದು ಕೊಡ ತಂದು ಕೆಳಗಿಟ್ಟು ಬಂದೆ. ಅವತ್ತಿನಿಂದ ದಿನಾ ಅವಳು ಬಿಡುತ್ತಾಳೆ, ನಾನು ಕೊಡ ಇಡುತ್ತೇನೆ. ಬೆಳಿಗ್ಗೆ ತುಂಬಿದ ಆ ಕೊಡದ ನೀರಿನಿಂದಲೇ ಲಿಂಗಪೂಜೆ ಆಗುತ್ತದೆ. ಸಕೀನಾಬೀ ನೋಡಿ, "ಸೊಸಿ ರೋಗ ಅತ್ತೀಗೂ ಬಡೀತು" ಅಂದಳು.

ಬಿಸಿಲು ಈಗ ಕಲ್ಲು ಕಾಯಿಸುತ್ತಿದೆ. ನಿನ್ನ ಕಡೆಯೂ ಹಿಮ ಕರಗಿರಬೇಕು. ಆದರೂ ಅವಳು ಬಿಡುವುದನ್ನು ನಿಲ್ಲಿಸಿಲ್ಲ.

ನನಗೆ ಅವಳು ಬೇಕು. ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಅವನ ನಡಿಗೆ, ಅವನು ಮೂಗು ಒರೆಸುವ ರೀತಿ ಈ ಮನೆಯಲ್ಲಿ ಉಳಿದಿರುವುದು ಅವಳೊಬ್ಬಳಲ್ಲಿ. ಅವಳನ್ನು ಆ ಬೆಟ್ಟಕ್ಕೆ ಕಳಿಸಿದರೆ ಅವನನ್ನು ಎರಡನೇ ಸಲ ಕಳಿಸಿದ ಹಾಗೆ ಎಂದು ಹೆದರಿ ಕೂತಿದ್ದೆ. ಆದರೆ ಮಗು ನನ್ನ ಪಕ್ಕದಲ್ಲಿ ಮಲಗಿಕೊಂಡು ನಿನ್ನ ಮನೆಯ ನಳ ಕಾಯುತ್ತಿದೆ. ಅದನ್ನು ದಿನಾ ನೋಡುತ್ತಾ ಹಿಡಿದಿಟ್ಟುಕೊಳ್ಳುವುದು ನನ್ನಿಂದ ಆಗುವುದಿಲ್ಲ.

ಮೇ ತಿಂಗಳಲ್ಲಿ ನೀನು ನೋಡಿಕೊಂಡು ಹೋಗಲು ಬರಬೇಡ. ಕರೆದುಕೊಂಡು ಹೋಗಲು ಬಾ. ಲಿಂಗಸುಗೂರಿನಲ್ಲಿ ನಿಮ್ಮ ತವರಿನವರಿಗೆ ಒಂದು ದಿನ ಮುಖ ತೋರಿಸಿ ಹೊರಡಿರಿ. ಅವಳ ಬಟ್ಟೆಯ ಜೊತೆ ಒಂದು ಉದ್ದನೆಯ ಕೌದಿ ಇಟ್ಟಿದ್ದೇನೆ. ಹೀರಾಸಿಂಗ್ ಗೋಡೆಯ ಮೇಲೆ ಕೂಡಿಸಿದ ಪೈಪಿಗೆ ಸುತ್ತು. ಒಳಗಿನ ಪೈಪಾದ್ದರಿಂದ ನೆನೆಯುವುದಿಲ್ಲ. ಅವನ ನೀಲಿ ಚೌಕಳಿ ಅಂಗಿಯ ತುಂಡು ನಳದ ಹತ್ತಿರ ಬರುವ ಹಾಗೆ ಸುತ್ತು.

ಜಂಬಮ್ಮ


ಬೆಟ್ಟದ ಕಾಲೋನಿ
೨೩ ನವೆಂಬರ್ ೨೦೨೫

ಅತ್ತೆಯವರಿಗೆ ರಾಜಶ್ರೀ ಮತ್ತು ರಂಜನಿಯ ಶರಣಾರ್ಥಿ.

ನಿನ್ನೆ ಬೆಳಿಗ್ಗೆ ಹುಲ್ಲಿನ ಮೇಲೆ ಮೊದಲ ಬಿಳಿ ಬಿತ್ತು. ಕಾಲೋನಿಯ ಹೊರಗಿನ ಪೈಪುಗಳನ್ನೆಲ್ಲ ಬಸಿದಾಗಿದೆ. ಈ ಸಲ ಹೀರಾಸಿಂಗ್ ಅರ್ಧ ಸಾಲು ಮನೆಗಳನ್ನು ನನ್ನೊಬ್ಬಳ ಮೇಲೆ ಬಿಟ್ಟಿದ್ದರು. ಒರತೆಗೂ ಹೋಗಿ ಬಂದೆ. ಹೆದರಬೇಡಿ, ಜಾರದಂತೆ ಬೂಟಿಗೆ ಕಬ್ಬಿಣದ ಮುಳ್ಳಿನ ಪಟ್ಟಿ ಕಟ್ಟಿಕೊಂಡು, ಹಗ್ಗ ಹಿಡಿದು, ಇಬ್ಬರು ಸೇರಿ ಹೋಗಿದ್ದೆವು.

ಕೌದಿ ಪೈಪಿಗೆ ಅಳೆದು ಹೊಲಿದ ಹಾಗೆ ಕೂತಿತು. ಅಳತೆ ತೆಗೆದುಕೊಂಡಿರಲಿಲ್ಲವಲ್ಲ, ಹೇಗೆ ಎಂದು ಹೊಳೆಯಲಿಲ್ಲ. ಆಮೇಲೆ ನೆನಪಾಯಿತು, ನೀವು ಆ ಗೆರೆಯ ಮೇಲೆ ದಿನಾ ಬೆರಳು ಆಡಿಸುತ್ತಿದ್ದಿರಿ. ನೀಲಿ ಚೌಕಳಿ ನಳದ ಹತ್ತಿರವೇ ಬಂದಿದೆ. ಬೆಳಿಗ್ಗೆ ಹಲ್ಲುಜ್ಜುವಾಗ ರಂಜನಿ ಅದಕ್ಕೆ ಕೆನ್ನೆ ಇಟ್ಟು ನಿಲ್ಲುತ್ತಾಳೆ. ಏನು ಮಾಡುತ್ತಿದ್ದೀ ಎಂದರೆ ಪೈಪು ಬೆಚ್ಚಗಿದೆಯೋ ನೋಡುತ್ತಿದ್ದೇನೆ ಅನ್ನುತ್ತಾಳೆ.

ನಿನ್ನೆ ಸಂಜೆ ನಳ ಬಿಟ್ಟವಳು ಅವಳೇ. ದಾರದಷ್ಟು, ಬೆರಳಿಟ್ಟು ನೋಡಿ. ಅವಳ ಲೆಕ್ಕ ನನ್ನದಕ್ಕಿಂತ ಸರಿ ಇರುತ್ತದೆ. 

ನಿಮ್ಮಿಂದ ಒಂದು ಕೆಲಸ ಆಗಬೇಕು. ಮಾರ್ಚಿನಲ್ಲಿ ಹಿಮ ಕರಗಿ, ಹೊರಗಿನ ಪೈಪಿಗೆ ಮತ್ತೆ ನೀರು ಬಿಟ್ಟ ದಿನ ಮನೆಯೊಳಗಿನ ನಳಗಳನ್ನು ಮುಚ್ಚುತ್ತೇವೆ. ಚಳಿ ಮುಗಿಯಿತೆಂದು ಅದೇ ಗುರುತು. ಅವತ್ತು ಹೀರಾಸಿಂಗರ ಹೆಂಡತಿ ಸಿಹಿ ಮಾಡಿ ಹಂಚುತ್ತಾರೆ. ನಮ್ಮ ಮನೆಯದನ್ನು ನಾನು ಮುಚ್ಚುತ್ತೇನೆ ಎಂದದ್ದಕ್ಕೆ ರಂಜನಿ ಒಪ್ಪಲಿಲ್ಲ. "ಬ್ಯಾಡ ಮಮ್ಮಿ. ಅಜ್ಜಿ ಬಂದು ಮುಚ್ಚಲಿ. ಅಕೀಗೆ ಚಲೋ ಬರತೈತಿ" ಅಂದಳು.

ಬರುತ್ತೀರಾ?

ನಿಮ್ಮ ಸೊಸೆ
ರಾಜಶ್ರೀ


ಮಸ್ಕಿ
೫ ಡಿಸೆಂಬರ್ ೨೦೨೫

ಚಿ. ರಾಜಶ್ರೀಗೆ, ಚಿ. ರಂಜನಿಗೆ ಆಶೀರ್ವಾದ.

ಬರುತ್ತೇನೆ. ನಿನ್ನ ಮಾವನೂ ಬರುತ್ತಾರಂತೆ, ಆ ಊರಿನ ನಳಕ್ಕೆ ಎಂಥ ವಾಷರ್ ಹಾಕುತ್ತಾರೆ ನೋಡಬೇಕಂತೆ. ನಾವು ಬರುವ ತನಕ ಅಡುಗೆಮನೆಯದನ್ನು ಯಾರೂ ಮುಟ್ಟಬೇಡಿ.

ಇಲ್ಲಿಯ ಬಚ್ಚಲಿನ ನಳವನ್ನು ರಂಜನಿ ಹೊರಟ ದಿನ ಎಷ್ಟು ಬಿಟ್ಟಿದ್ದಳೋ ಅಷ್ಟೇ ಬಿಟ್ಟಿದ್ದೇನೆ. ಕೊಡ ತುಂಬಿದಾಗ ಸಕೀನಾಬೀ ಒಂದು, ನಾನು ಒಂದು ಒಯ್ಯುತ್ತೇವೆ. ಅಲ್ಲಿಯದನ್ನು ಮುಚ್ಚಿ ಬಂದ ಮೇಲೆ ಇದನ್ನು ಮುಚ್ಚುತ್ತೇನೆ.

ಜಂಬಮ್ಮ